ನಾಲ್ಕನೇ ನಂಬರಿನ ಅಂಗಿ

ನನ್ನ ಬೆಳಗಿನ ನಡಿಗೆಯಲ್ಲಿ ಒಂದು ಸುತ್ತು ಹೆಚ್ಚಿತ್ತು. ನಾಲ್ಕೂವರೆಗೆ ಏಳುತ್ತೇನೆ, ಐದಕ್ಕೆ ಸರಿಯಾಗಿ ಗೇಟು ಹಾಕಿಕೊಂಡು ಹೊರಡುತ್ತೇನೆ. ಮನೆಯಿಂದ ಮೈದಾನಕ್ಕೆ ಹಳೇ ಪೇಟೆಯ ಓಣಿಯಲ್ಲಿ ಹೋದರೆ ಎಂಟು ನಿಮಿಷ. ನಾನು ಆ ಓಣಿ ಬಿಟ್ಟು, ಅಕ್ಕಿ ಗಿರಣಿಗಳ ರಸ್ತೆ ಬಳಸಿಕೊಂಡು ಹನ್ನೆರಡು ನಿಮಿಷಕ್ಕೆ ಮೈದಾನ ಮುಟ್ಟುತ್ತಿದ್ದೆ. ಓಣಿಯಲ್ಲಿ ಒಂದು ದರ್ಜಿ ಅಂಗಡಿ ಇದೆ. ಬೆಳಗಿನ ಐದಕ್ಕೆ ಯಾವ ದರ್ಜಿಯೂ ಬಾಗಿಲು ತೆಗೆದಿರುವುದಿಲ್ಲ. ಆದರೂ ನಲವತ್ತು ವರ್ಷ ಬಳಸಿಕೊಂಡೇ ಹೋದೆ.

ಪ್ಯಾಂಟು ಹೊಲಿಸಬೇಕಾದರೆ ಗಂಗಾವತಿಯಿಂದ ಬಸ್ಸು ಹತ್ತಿ ಕೊಪ್ಪಳಕ್ಕೆ ಹೋಗುತ್ತಿದ್ದೆ. "ನಮ್ಮೂರಾಗ ದರ್ಜಿಗಳಿಗೆ ಬರ ಬಂದೈತೇನ್ರಿ?" ಎಂದು ಮನೆಯಾಕೆ ಕೇಳುತ್ತಿದ್ದಳು. "ಅಲ್ಲಿಯವರ ಕೈ ಛಲೋ ಐತಿ" ಎನ್ನುತ್ತಿದ್ದೆ. ಅದೂ ಸುಳ್ಳು. ಕೊಪ್ಪಳದವನ ಹೊಲಿಗೆ ಎಂದೂ ನನಗೆ ಸರಿಯಾಗಿ ಕೂತಿಲ್ಲ.

ನಾನು ನಿವೃತ್ತ ಡ್ರಿಲ್ ಮಾಸ್ತರ. ಯಲಬುರ್ಗಾ, ಕುಷ್ಟಗಿ, ಕೊನೆಗೆ ಗಂಗಾವತಿ, ಮೂರು ಊರುಗಳ ಶಾಲೆಗಳಲ್ಲಿ ಸೀಟಿ ಊದಿದ್ದೇನೆ. ಗಂಗಾವತಿಗೆ ಬಂದ ಹೊಸದರಲ್ಲಿ, ಸಂಜೆ ಮೈದಾನಕ್ಕೆ ಬರುತ್ತಿದ್ದ ದುಡಿಯುವ ಹುಡುಗರನ್ನು ಸೇರಿಸಿ ಊರಿಗೊಂದು ವಾಲಿಬಾಲ್ ತಂಡ ಕಟ್ಟಿದೆ. ಗಿರಣಿಯವರು, ಕಾಲುವೆ ಇಲಾಖೆಯ ಗುಮಾಸ್ತ, ಒಬ್ಬ ದರ್ಜಿ. ತಂಡದ ಸಾಮಾನೆಲ್ಲ ಇವತ್ತಿಗೂ ನನ್ನ ಟ್ರಂಕಿನಲ್ಲಿದೆ. ಟ್ರಂಕಿನ ಮುಚ್ಚಳದ ಒಳಬದಿಗೆ ಪಟ್ಟಿ ಅಂಟಿಸಿದ್ದೇನೆ: ನೆಟ್ಟು ಒಂದು, ಸೀಟಿ ಎರಡು, ಹಾಜರಿ ಪುಸ್ತಕ ಐದು, ಗುಂಪು ಚಿತ್ರ ಒಂದು, ಅಂಗಿ ಎಂಟು.

ಆ ಟ್ರಂಕೇ ನನಗೆ ಮುಳುವಾಯಿತು.

ಹೋದ ವರ್ಷ ಕೊಪ್ಪಳದ ಒಂದು ಸಣ್ಣ ಕಲಾ ಗ್ಯಾಲರಿಯವರು ನಮ್ಮ ಭಾಗದ ಆಟಗಳ ಮೇಲೆ ಪ್ರದರ್ಶನ ಮಾಡಲು ಹೊರಟರು. ಚಿತ್ರ, ಹಳೆಯ ಫೋಟೋ, ಕಿನ್ನಾಳದ ಮರದ ಗೊಂಬೆ, ಇವುಗಳಲ್ಲಿ ಊರಿನ ಆಟವನ್ನು ತೋರಿಸಬೇಕೆಂಬುದು ಅವರ ಆಸೆ. ನಡುವಿನ ಕೋಣೆ ಪೂರ್ತಿ ಗಂಗಾವತಿ ತಂಡಕ್ಕೆ. ಅದನ್ನು ಜೋಡಿಸುವ ಹೊಣೆ ಹೊತ್ತಿದ್ದ ಹುಡುಗಿ, ಚಿತ್ರಕಲೆಯ ಶಿಕ್ಷಕಿ, ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದಳು. ಹತ್ತಕ್ಕೆ ಬರುತ್ತೇನೆಂದವಳು ಹತ್ತಕ್ಕೆ ಐದು ನಿಮಿಷ ಮೊದಲೇ ಬಂದದ್ದರಿಂದ ನನಗೆ ಹಿಡಿಸಿದಳು.

"ಸರ್, ಎಲ್ಲಾರೂ ಒಂದ ಮಾತು ಹೇಳಿದ್ರು. ಏನಾರ ಉಳದಿದ್ರ ಅದು ಮಾಸ್ತರ ಮನ್ಯಾಗ ಉಳದಿರತೈತಿ ಅಂತ."

ನಾನು ಉಬ್ಬಿದೆ. ಟ್ರಂಕು ಎಳೆದು ತೆಗೆದೆ. ಆಕೆ ಹಾಜರಿ ಪುಸ್ತಕಗಳನ್ನು ಮಗುವನ್ನು ಎತ್ತಿದ ಹಾಗೆ ಎತ್ತಿದಳು. ನೀಲಿ ಅಂಗಿಗಳನ್ನು ಒಂದೊಂದಾಗಿ ಮಂಚದ ಮೇಲೆ ಹರಡಿದಳು. ಬಿಳಿ ಕಾಲರು, ಬೆನ್ನ ಮೇಲೆ ಬಿಳಿ ಬಟ್ಟೆಯಲ್ಲಿ ಕತ್ತರಿಸಿ ಹೊಲಿದ ಅಂಕಿ. ಒಂದು, ಎರಡು, ಮೂರು, ಐದು.

"ಸರ್, ನಾಲ್ಕನೇದು?"

ನಾನು ಎದ್ದು ಟ್ರಂಕಿನ ಮುಂದೆ ಬಂದು ನಿಂತೆ, ಮುಚ್ಚಳದ ಪಟ್ಟಿ ಆಕೆಗೆ ಕಾಣದ ಹಾಗೆ.

"ಕಳದೈತಿ."

"ಅಯ್ಯ, ಛೇ. ಯಾರದಿತ್ರಿ ಅದು?"

"ಯಾರೋ ಒಬ್ಬಂವ ಬದಲಿ ಆಟಗಾರಂದು" ಎಂದೆ.

ಮತ್ತೆ ಆಕೆ ಅಂಗಿಗಳ ಹೊಲಿಗೆಯನ್ನು ನೋಡಿ, ಇಷ್ಟು ಚೆಂದ ಹೊಲಿದವರು ಯಾರು, ಅವರ ಹೆಸರನ್ನೂ ಹಾಕೋಣ ಎಂದಳು. "ಊರಾಗಿನ ಒಬ್ಬ ದರ್ಜಿ. ಈಗ ನೆನಪಿಲ್ಲ" ಎಂದೆ. ಕೊನೆಗೆ, ತಂಡ ಜಿಲ್ಲೆಯ ಅಂತಿಮ ಪಂದ್ಯವನ್ನು ಹೇಗೆ ಸೋತಿತು ಎಂದು ಕೇಳಿ ಪೆನ್ನು ಹಿಡಿದಳು. "ಅಂಪೈರನ ತಪ್ಪು ತೀರ್ಪಿನಿಂದ" ಎಂದೆ. ಆಕೆ ಬರೆದುಕೊಂಡಳು. ಹತ್ತು ನಿಮಿಷದಲ್ಲಿ ನಾಲ್ಕು ಸುಳ್ಳು. ನಾಲ್ಕನ್ನೂ ಎದೆ ಎತ್ತಿ, ಕವಾಯತು ಮಾಡಿಸುವ ದನಿಯಲ್ಲಿ ಹೇಳಿದ್ದೆ.

ಹುಡುಗಿ ಹೋದ ಮೇಲೆ ಮನೆಯಾಕೆ ಚಹಾದ ಕಪ್ಪುಗಳನ್ನು ಎತ್ತಿಕೊಳ್ಳುತ್ತ ಕೇಳಿದಳು: "ಕಳದೈತಿ ಅಂದ್ರಲ್ಲ, ಹಂಗಾರ ನಾ ವರ್ಷಾ ಯುಗಾದಿ ಮುಂದ ಬಿಸಲಿಗೆ ಹಾಕಿ, ನುಸಿ ಗುಳಿಗಿ ಇಟ್ಟು ಮಡಚೋದು ಯಾರ ಅಂಗೀರಿ?"

ನಾನು ಪೇಪರು ಓದುತ್ತಿರುವಂತೆ ಮಾಡಿದೆ.

ಆ ಅಂಗಿ ದರ್ಜಿಯದೇ. ಎಂಟೂ ಅಂಗಿಗಳನ್ನು ಹೊಲಿದವನು ಆತ, ನಾಲ್ಕನೆಯದನ್ನು ತೊಟ್ಟು ಆಡಿದವನೂ ಆತ. ಬದಲಿ ಆಟಗಾರನಲ್ಲ, ತಂಡದ ಲಿಫ್ಟರ್. ವಾಲಿಬಾಲಿನಲ್ಲಿ ಜನ ಚಪ್ಪಾಳೆ ತಟ್ಟುವುದು ಚೆಂಡನ್ನು ಹೊಡೆಯುವವನಿಗೆ. ಆ ಚೆಂಡನ್ನು ನೆಟ್ಟಿನ ಪಕ್ಕದಲ್ಲಿ, ಹೊಡೆಯುವವನ ಕೈಗೆ ತಕ್ಕ ಎತ್ತರಕ್ಕೆ ಎತ್ತಿ ಕೊಡುವವನು ಲಿಫ್ಟರ್. ಅವನನ್ನು ಯಾರೂ ನೋಡುವುದಿಲ್ಲ. ಆದರೆ ನೋಡಬೇಕಾದದ್ದು ಅವನನ್ನೇ. ನಮ್ಮವನ ಬೆರಳಿಗೆ ಚೆಂಡು ಬಂದು ಹೋದದ್ದು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿರಲಿಲ್ಲ. ನಮ್ಮ ಕ್ಯಾಪ್ಟನ್ ಅಕ್ಕಿ ಗಿರಣಿ ಮನೆತನದವನು, ಆರಡಿ ಎತ್ತರ, ಅವನ ಹೊಡೆತಕ್ಕೆ ಊರೇ ಹುಚ್ಚೆದ್ದು ಕುಣಿಯುತ್ತಿತ್ತು. "ಇಂವ ಕೊಡದಿದ್ರ ನಾ ಏನ್ ಗಾಳೀಗೆ ಹೊಡೀಲಾ?" ಎಂದು ಆ ದಿನಗಳಲ್ಲಿ ಕ್ಯಾಪ್ಟನ್ನೇ ಹೇಳುತ್ತಿದ್ದ.

ನಮ್ಮ ಮೈದಾನದಲ್ಲಿ ಅಂಪೈರ್ ಇರುತ್ತಿರಲಿಲ್ಲ. ಅದಕ್ಕೆ ನಾನೊಂದು ನಿಯಮ ಮಾಡಿದ್ದೆ. ಆಡುವಾಗ ಯಾರ ಮೈ ನೆಟ್ಟಿಗೆ ತಾಗಿದರೂ ಅವನೇ ಬಲಗೈ ಎತ್ತಿ, ಮೊಣಕೈ ಬಗ್ಗಿಸದೆ, "ನೆಟ್" ಎಂದು ಕೂಗಬೇಕು. ಮುಚ್ಚಿಟ್ಟದ್ದು ಗೊತ್ತಾದರೆ ಮೈದಾನಕ್ಕೆ ಹತ್ತು ಸುತ್ತು. ಮೊದಮೊದಲು ನಕ್ಕರು. ಆರು ತಿಂಗಳಲ್ಲಿ ಎಲ್ಲರ ಕೈಯೂ ತಾನಾಗಿಯೇ ಮೇಲೇಳತೊಡಗಿತು. ಇರಕಲ್ಲಗಡದಿಂದ, ಹುಲಿಹೈದರದಿಂದ ಆಡಲು ಬಂದ ತಂಡದವರು ಇದನ್ನು ಕಂಡು, "ಇವರೇನ್ರಿ, ಸಾಲಿ ಹುಡುಗರಂಗ ಕೈ ಎತ್ತತಾರ" ಎಂದು ಚೇಷ್ಟೆ ಮಾಡುತ್ತಿದ್ದರು. ನನಗೆ ಅದೇ ಹೆಮ್ಮೆಯಾಗಿತ್ತು.

ಆಗ ನಮ್ಮದು ರಾಯಚೂರು ಜಿಲ್ಲೆ. ಅಂತಿಮ ಪಂದ್ಯ ರಾಯಚೂರಿನಲ್ಲಿ. ಹೋಗುವ ಮುಂಚೆ ದರ್ಜಿ ಎಂಟು ದಿನ ಅಂಗಡಿಯ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಅಂಗಿ ಹೊಲಿದ. ಎಂಟು ಜನರ ಅಳತೆಯನ್ನು ಬೇರೆ ಬೇರೆ ತೆಗೆದು, ಕ್ಯಾಪ್ಟನ್ನನ ಬಲಗಡೆಯ ಕಂಕುಳಿಗೆ ಎರಡು ಬೆರಳು ಹೆಚ್ಚಿಗೆ ಬಟ್ಟೆ ಬಿಟ್ಟಿದ್ದ, ಹೊಡೆಯುವಾಗ ಎಳೆಯಬಾರದೆಂದು.

ಕೊನೆಯ ಸೆಟ್ಟು. ಎದುರಿನವರದು ಹದಿನಾಲ್ಕು, ನಮ್ಮದು ಹದಿಮೂರು, ಸರ್ವಿಸ್ ಅವರದು. ಚೆಂಡು ನಮ್ಮ ಕಡೆ ಬಂತು. ದರ್ಜಿ ನೆಟ್ಟಿಗೆ ಆತುಕೊಂಡಂತೆ ಹಾರಿ ಎತ್ತಿಕೊಟ್ಟ, ಕ್ಯಾಪ್ಟನ್ ಹೊಡೆದ, ಚೆಂಡು ಅವರ ಅಂಗಳದ ನಡುವೆ ಬಿತ್ತು. ಅಂಪೈರ್ ಸೀಟಿ ಊದಿ ನಮ್ಮ ಕಡೆ ಕೈ ತೋರಿಸಿದ. ಆಗ ಸರ್ವಿಸ್ ಮಾಡಿದವರಿಗಷ್ಟೇ ಅಂಕ, ಹಾಗಾಗಿ ಸರ್ವಿಸ್ ಮಾತ್ರ ನಮ್ಮದಾಯಿತು, ಉಸಿರು ಬಂತು. ನಮ್ಮವರು ಕುಣಿದಾಡುತ್ತಿದ್ದಾರೆ. ಅವರ ನಡುವೆ ಒಂದು ಕೈ ನೆಟ್ಟಗೆ, ಮೊಣಕೈ ಬಗ್ಗದೆ, ಮೇಲೆದ್ದಿತ್ತು.

"ನೆಟ್."

ಯಾರೂ ನೋಡಿರಲಿಲ್ಲ. ಅಂಪೈರ್ ಎತ್ತರದ ಕುರ್ಚಿಯಿಂದ ಇಳಿದು ಬಂದ. "ಮುಟ್ಟಿದ್ದು ಖರೆ ಏನಪಾ?" ಎಂದು ಕೇಳಿದ. "ಖರೆ ರಿ. ತೋಳು ತಾಗಿತ್ರಿ" ಎಂದು ದರ್ಜಿ ಹೇಳಿದ. ಅಂಪೈರ್ ನನ್ನ ಕಡೆ ನೋಡಿದ. ನಾನು ನನ್ನ ಬೂಟುಗಳನ್ನು ನೋಡಿಕೊಂಡೆ. ಹದಿನೈದು, ಹದಿಮೂರು. ಪಂದ್ಯ ಮುಗಿಯಿತು.

ವಾಪಸು ಬರುವಾಗ ಸಿಂಧನೂರಿನಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಕ್ಯಾಪ್ಟನ್ ಕೇಳಿದ: "ಊರಾಗ ಏನಂತ ಹೇಳೋಣ್ರಿ ಮಾಸ್ತರ? ಗೆದ್ದದ್ದನ್ನ ನಾವ ಕೈ ಎತ್ತಿ ಕೊಟ್ಟು ಬಂದ್ವಿ ಅಂತನಾ? ಮಂದಿ ಮಾರಿಗೆ ಹೆಂಡಿ ಒಗೀತಾರ." ಅವನು ಮುಂದಿನದನ್ನು ಆಡಲಿಲ್ಲ, ನಾನೇ ತಿಳಿದುಕೊಂಡೆ. ಕೈ ಎತ್ತಲು ಕಲಿಸಿದವನು ಯಾರು ಎಂದು ಊರು ಕೇಳುತ್ತದೆ. ನನ್ನ ನಿಯಮದಿಂದಲೇ ಊರು ಸೋತಿತು ಎಂದಾಗುತ್ತದೆ. ಮೈದಾನದಲ್ಲಿ ಹೆಮ್ಮೆಯಾಗಿದ್ದದ್ದು ಬಸ್ ನಿಲ್ದಾಣದಲ್ಲಿ ನಗೆಪಾಟಲಾಗುವುದು ನನಗೆ ಕಂಡಿತು, ಹೆದರಿದೆ.

"ಅಂಪೈರ್ ತಪ್ಪು ಕೊಟ್ಟ ಅಂತ ಹೇಳ್ರಿ" ಎಂದೆ. ತಂಡ ಒಪ್ಪಿತು. ದರ್ಜಿ ಮಾತ್ರ ಹೂಂ ಅನ್ನದೆ ಚಹಾದ ಗ್ಲಾಸು ಹಿಡಿದು ನಿಂತಿದ್ದ.

ಆತನನ್ನು ಬಸ್ಸಿನ ಹಿಂದೆ ಕರೆದೆ. "ಅಂಗಿ ಬಿಚ್ಚು."

ಆತನಿಗೆ ತಿಳಿಯಲಿಲ್ಲ. "ಬೆವರಾಗೈತ್ರಿ ಮಾಸ್ತರ. ಎಲ್ಲಾರ ಅಂಗೀನೂ ನಾನ ತೊಳದು ಇಸ್ತ್ರಿ ಮಾಡಿ ಕೊಡ್ತೇನಿ."

"ಬ್ಯಾಡ. ನಾಳಿಂದ ಮೈದಾನಕ್ಕ ಬರೋದೂ ಬ್ಯಾಡ."

ಆತ ಬಿಚ್ಚಲಿಲ್ಲ. ನಾನು ಕಾಲರಿಗೆ ಕೈ ಹಾಕಿದೆ. ಮೇಲಿನ ಗುಂಡಿ ಕಿತ್ತು ಎಲ್ಲಿಯೋ ಬಿತ್ತು. ಆಮೇಲೆ ತಾನೇ ಬಿಚ್ಚಿ, ಮಡಚಿ ಕೊಟ್ಟ. ಬರೀ ಬನಿಯನ್ನಿನಲ್ಲಿ ನಿಂತು ಒಂದೇ ಮಾತು ಕೇಳಿದ: "ಕೈ ಎತ್ತಬಾರದಿತ್ತೇನ್ರಿ?"

"ಹೇಳಿದಷ್ಟು ಮಾಡು" ಎಂದೆ.

ಮರುದಿನ ಬೆಳಿಗ್ಗೆ ಫೋಟೋ ಸ್ಟುಡಿಯೋದಲ್ಲಿ ಗುಂಪು ಚಿತ್ರ. ನಾನು ನಡುವೆ ಕುರ್ಚಿಯಲ್ಲಿ. ಬಾಗಿಲಲ್ಲಿ ದರ್ಜಿ ಬಿಳಿ ಅಂಗಿ ತೊಟ್ಟು ಬಂದು ನಿಂತಿದ್ದ. ನನ್ನ ಸಿಟ್ಟು ಇಳಿದಿರಬಹುದೆಂದು ಬಂದಿದ್ದನೋ ಏನೋ. ಸ್ಟುಡಿಯೋದವನು, "ಅವರೂ ನಿಮ್ಮವರೇನ್ರಿ? ಕರೀರಿ ಮತ್ತ" ಎಂದ. ನಾನು ತಿರುಗಿಯೂ ನೋಡದೆ, "ಅಲ್ಲ, ಅಂವ ದರ್ಜಿ" ಎಂದೆ. ಆತ ಒಳಗೆ ಬಂದ, ಒಬ್ಬೊಬ್ಬರ ಮುಂದೆ ನಿಂತು ಕಾಲರು ಸರಿ ಮಾಡಿದ, ಏಳೂ ಕಾಲರು. ಆಮೇಲೆ ಮೆಟ್ಟಿಲಿಳಿದು ಹೋದ. ಆ ಚಿತ್ರದಲ್ಲಿ ನಮ್ಮ ಕಾಲರುಗಳು ಇಂದಿಗೂ ಬಹಳ ನೇರವಾಗಿ ಕಾಣುತ್ತವೆ.

ಪ್ರದರ್ಶನಕ್ಕೆ ಇನ್ನೂ ಹದಿನೈದು ದಿನವಿದ್ದಾಗ ಗೊಂಬೆ ಮಾಡುವ ಕಿನ್ನಾಳದ ಕಲಾವಿದ ಫೋನು ಮಾಡಿದ. ಆರು ಆಟಗಾರರ ಗೊಂಬೆ ಮಾಡಿದ್ದೇನೆ, ಚೆಂಡು ಎತ್ತಿ ಕೊಡುವವನ ಮುಖ ಹೇಗಿರಬೇಕು ಎಂದು ಕೇಳಿದ. ಅವನ ಬೆರಳುಗಳಿಗಾಗಿಯೇ ಮೂರು ದಿನ ಕೂತಿದ್ದನಂತೆ. ಬೆರಳು ಹೇಗಿರಬೇಕೆಂದು ನಾನೇ ಮೊದಲು ವಿವರಿಸಿದ್ದೆ: ಎರಡೂ ಹೆಬ್ಬೆರಳು ಹಣೆಯ ಹತ್ತಿರ, ಉಳಿದವು ಬಟ್ಟಲಿನ ಹಾಗೆ ಅರಳಿರಬೇಕು. ಹೇಳುವಾಗ ನನ್ನ ಕಣ್ಣ ಮುಂದೆ ಇದ್ದದ್ದು ದರ್ಜಿಯ ಬೆರಳೇ. ಈಗ ಮುಖ ಕೇಳಿದರೆ, ಫೋಟೋದಲ್ಲಿದ್ದ ಬದಲಿ ಆಟಗಾರನನ್ನು ನೆನೆದು, "ದಪ್ಪ ಮೀಸಿ ಇಡ್ರಿ" ಎಂದೆ. ದರ್ಜಿ ಎಂದೂ ಮೀಸೆ ಬಿಟ್ಟವನಲ್ಲ.

ಉದ್ಘಾಟನೆ ಗದ್ದಲದಿಂದ ಆಯಿತು. ನನಗೆ ಶಾಲು ಹೊದಿಸಿದರು. ಏಳು ಅಂಗಿಗಳನ್ನು ಗಾಜಿನ ಹಿಂದೆ ಸಾಲಾಗಿ ತೂಗು ಹಾಕಿ, ಮೂರು ಮತ್ತು ಐದರ ನಡುವೆ ಒಂದು ಬರಿಯ ಹ್ಯಾಂಗರ್ ಇಟ್ಟಿದ್ದಳು ಆ ಹುಡುಗಿ. ಕೆಳಗೆ ಚೀಟಿ: "ನಾಲ್ಕನೆಯ ಅಂಗಿ ಕಳೆದುಹೋಗಿದೆ. ಹೊಲಿದವರು: ಊರಿನ ದರ್ಜಿ." ಜನ ಏಳು ಅಂಗಿಗಳನ್ನು ಬಿಟ್ಟು ಆ ಬರಿಯ ಹ್ಯಾಂಗರಿನ ಮುಂದೆಯೇ ನಿಲ್ಲುತ್ತಿದ್ದರು. ನನಗೆ ಶಾಲಿನೊಳಗೆ ಬೆವರು.

ಕ್ಯಾಪ್ಟನ್ ಮೈಕು ಹಿಡಿದ. ಈಗ ಅವನು ಎರಡು ಗಿರಣಿಗಳ ಒಡೆಯ, ಮೊಣಕಾಲು ನೋವಿನ ಮನುಷ್ಯ. ಹಳೆಯ ಕತೆಯನ್ನು ಮತ್ತೆ ಹೇಳಿದ. ಹೇಳಿ ಹೇಳಿ ಅದು ಬೆಳೆದಿತ್ತು. ಅಂಪೈರ್ ಎದುರು ತಂಡದವರ ಬೀಗನಾಗಿದ್ದ. ಚೆಂಡು ಒಳಗೆ ಬಿದ್ದ ಗುರುತು ಕಣ್ಣಿಗೆ ಹೊಡೆಯುವಂತಿದ್ದರೂ ಹೊರಗೆ ಎಂದ. "ಅಂವ ಕಳ್ಳ ಇದ್ದ, ನಮ್ಮ ಮಾಸ್ತರು ದೇವರಂಥವರು, ಒಂದು ಎದುರು ಮಾತು ಆಡಬ್ಯಾಡ್ರಿ ಅಂದ್ರು!" ಚಪ್ಪಾಳೆ ಬಿತ್ತು. ನಾನು ಕೈ ಮುಗಿದೆ. ಮುಗಿಯಬಾರದಿತ್ತು, ಮುಗಿದೆ.

ಮೂರನೆಯ ದಿನ ಹುಡುಗಿಯ ಫೋನು ಬಂತು. "ಸರ್, ಅಭಿಪ್ರಾಯದ ಪುಸ್ತಕದಾಗ ಒಬ್ಬ ಹಿರಿಯರು ಒಂದ ಸಾಲು ಬರದು ಹೋಗ್ಯಾರ. ನಂಗ ಅರ್ಥ ಆಗವಲ್ದು. 'ಗೊಂಬಿಯ ಬೆರಳು ನನ್ನವು, ಮೀಸಿ ನನ್ನದಲ್ಲ.' ಯಾರಿರಬಹುದ್ರಿ?"

"ನೋಡಿ ಹೇಳ್ತೇನವಾ" ಎಂದು ಫೋನು ಇಟ್ಟೆ. ಆ ದಿನ ಮಧ್ಯಾಹ್ನದ ಊಟ ಒಂದು ಗಂಟೆಯ ಬದಲು ಎರಡೂವರೆಗೆ ಆಯಿತು. ಮನೆಯಾಕೆ ಟ್ರಂಕಿನ ತಳದಿಂದ ಅಂಗಿ ತೆಗೆದು, ಪೇಪರಿನಲ್ಲಿ ಸುತ್ತಿ, ಊಟದ ತಟ್ಟೆಯ ಪಕ್ಕದಲ್ಲಿಟ್ಟಳು.

ಓಣಿ ನಾನು ನೆನೆದಿದ್ದಕ್ಕಿಂತ ಸಣ್ಣದು. ದರ್ಜಿ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿ ಮಷೀನಿನ ಮುಂದೆ ಕುಳಿತಿದ್ದ. ನನ್ನನ್ನು ಕಂಡು ಏಳಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ.

"ಬರ್ರಿ ಮಾಸ್ತರ. ಯಾಕ, ಕೊಪ್ಪಳದ ಟೇಲರ್ ಅಂಗಡಿ ಮುಚ್ಚಿದನೇನು?"

"ನಿನಗ್ಯಾರು ಹೇಳಿದ್ರು?"

"ಯಾರ್ ಹೇಳಬೇಕ್ರಿ? ಪ್ಯಾಂಟ್ ಹೇಳತೈತಿ. ಹಿಂದ ಹೊಲಿಗಿ ಎಳದೈತಿ ನೋಡ್ರಿ. ಪ್ಯಾಟ್ಯಾಗ ನೀವು ಮುಂದ ಹೊಂಟಾಗೆಲ್ಲ ನೋಡ್ತಿದ್ದೆ. ಕರದು ಹೇಳೋಣಂದ್ರ ನೀವು ತಿರುಗಿ ನೋಡೋ ಪೈಕಿ ಅಲ್ಲ."

ನಾನು ಅಂಗಿಯನ್ನು ಕಟ್ಟೆಯ ಮೇಲೆ ಇಟ್ಟೆ. ಆತ ಪೇಪರು ಬಿಚ್ಚಿ, ಮೊದಲು ಅಂಕಿಯನ್ನಲ್ಲ, ಕಂಕುಳಿನ ಹೊಲಿಗೆಯನ್ನು ತಿರುವಿ ನೋಡಿದ. ಬೆರಳಿನಿಂದ ಗುಂಡಿಗಳನ್ನು ಮುಟ್ಟುತ್ತ ಮೇಲೆ ಬಂದು, ಕಾಲರಿನ ಹತ್ತಿರ ಬೆರಳು ನಿಲ್ಲಿಸಿದ. ಅಲ್ಲಿ ಬರಿಯ ದಾರವಿತ್ತು.

"ತಪ್ಪಾತು ಭಾಯ್" ಎಂದೆ.

"ಯಾವುದ್ರಿ?"

ಆತ ನಿಜವಾಗಿಯೂ ಕೇಳುತ್ತಿದ್ದ. "ಅಂಗಿ ಕಸಗೊಂಡದ್ದಾ? ಸ್ಟುಡಿಯೋದಾಗ ದರ್ಜಿ ಅಂದದ್ದಾ? ಇಲ್ಲಾ ಅಂಪೈರನ ಮ್ಯಾಲೆ ಹಾಕಿದ್ದಾ? ಒಂದೊಂದೂ ಬ್ಯಾರೆ ಬ್ಯಾರೆ ಅದಾವ ಮಾಸ್ತರ. ಒಂದ ಮಾತಿನಾಗ ಹೆಂಗ ಮುಗಸ್ತೀರಿ?"

"ಎಲ್ಲಾನೂ" ಎಂದೆ.

"ದರ್ಜಿ ಅಂದದ್ದು ಸುಳ್ಳಲ್ಲ ಬಿಡ್ರಿ, ದರ್ಜೀನ ಅದೀನಿ. ಆದರ ಆ ಅಂಪೈರ್... ಅಂವ ಇಳದು ಬಂದು ನನ್ನ ಹೆಗಲ ಮ್ಯಾಲೆ ಕೈ ಇಟ್ಟಿದ್ದ. ನಿಮಗ ನೆನಪೈತಿ?"

ನನಗೆ ನೆನಪಿರಲಿಲ್ಲ. ನಾನು ಬೂಟು ನೋಡುತ್ತಿದ್ದೆನಲ್ಲ.

"'ಛಲೋ ಕಲತೀಯಪಾ' ಅಂದಿದ್ದ. ಅಂಥವಂಗ ಈ ಊರು ಇಷ್ಟು ವರ್ಷ ಕಳ್ಳ ಅಂದೈತಿ. ಇದ ಅಂಗಡ್ಯಾಗ, ಇಲ್ಲೆ ಕುಂತು ಗಿರಾಕಿ ಹೇಳ್ತಾರ, ನಾ ಮಷೀನ್ ತುಳೀಕೋತ ಹೂಂ ಅಂದೀನಿ. ನಂದೂ ಪಾಲೈತಿ ಅದರಾಗ."

"ನೀ ಯಾಕ ಹೇಳಲಿಲ್ಲ?"

ಆತ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ. "ಹೇಳಿದ್ರ ನೀವು ಸುಳ್ಳು ಹೇಳಿದಂಗ ಆಗ್ತಿತ್ತಲ್ರಿ. ಮಾಸ್ತರ ಇದ್ರಿ ನೀವು."

ಇದಕ್ಕಿಂತ ಆತ ಬೈದಿದ್ದರೆ ಚೆನ್ನಾಗಿತ್ತು.

ನಾನು ಜೇಬಿನಿಂದ ಚೀಟಿ ತೆಗೆದು ಕೊಟ್ಟೆ. ಹ್ಯಾಂಗರಿನ ಕೆಳಗೆ ಹಾಕಲೆಂದು ಮನೆಯಲ್ಲೇ ಗುಂಡಗಿನ ಅಕ್ಷರದಲ್ಲಿ ಬರೆದು ತಂದಿದ್ದೆ: "ಇದು ತಂಡದ ಲಿಫ್ಟರ್ ತೊಟ್ಟ ಅಂಗಿ. ಅಂತಿಮ ಪಂದ್ಯದ ನಂತರ ಕಾರಣಾಂತರಗಳಿಂದ ಅವರು ತಂಡದಲ್ಲಿ ಮುಂದುವರಿಯಲಿಲ್ಲ." ಆತ ಅದನ್ನು ಗಟ್ಟಿಯಾಗಿ ಓದಿದ. ಓದಿ ನಕ್ಕ.

"ಕಾರಣಾಂತರ ಅಂದ್ರ ಏನ್ರಿ, ನನಗ ಜ್ವರ ಬಂದಿತ್ತೇನು?"

ಚೀಟಿಯನ್ನು ತಿರುವಿ, ಕಿವಿಯ ಮೇಲಿನ ಪೆನ್ಸಿಲ್ ಸಮೇತ ನನ್ನ ಕೈಗೆ ಕೊಟ್ಟ. "ಇಲ್ಲೆ ಕುಂಡ್ರಿ. ಆದದ್ದು ಆದಂಗ ಬರೀರಿ. ನನ್ನ ಹೆಸರು ಹಾಕ್ರಿ, ನಿಮ್ಮದೂ ಹಾಕ್ರಿ. ಅಲ್ಲೀಮಟ ನಾ ಗುಂಡಿ ಹಚ್ಚತೀನಿ. ಗುಂಡಿ ಇಲ್ಲದ ಅಂಗಿ ನನ್ನ ಹೆಸರ ಮ್ಯಾಲೆ ತೂಗಬಾರದು."

ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕುಳಿತೆ. ನನ್ನ ಜೀವನದಲ್ಲಿ ಸಾವಿರಾರು ಮಕ್ಕಳನ್ನು ಸಾಲಾಗಿ ಕೂರಿಸಿ ತಪ್ಪೊಪ್ಪಿಗೆ ಬರೆಸಿದ್ದೇನೆ, ಎರಡು ನಿಮಿಷಕ್ಕಿಂತ ಹೆಚ್ಚು ಯಾರಿಗೂ ಕೊಟ್ಟಿಲ್ಲ. ನನಗೆ ಒಂದು ತಾಸು ಬೇಕಾಯಿತು. ಮೊದಲು ಬರೆದದ್ದರಲ್ಲಿ ಕ್ಯಾಪ್ಟನ್ನನ ಮಾತನ್ನು ಹಾಕಿದ್ದೆ, ಹೊಡೆದು ಹಾಕಿದೆ. ಆಗಿನ ನನ್ನ ವಯಸ್ಸನ್ನು ಬರೆದೆ, ಅದೂ ನೆಪವೇ ಅನ್ನಿಸಿ ಹೊಡೆದು ಹಾಕಿದೆ. ಮೂರನೆಯ ಚೀಟಿಯಲ್ಲಿ ಉಳಿದದ್ದು ಇಷ್ಟು. ನೆಟ್ಟು ತಾಗಿದ್ದಕ್ಕೆ ಈ ಅಂಗಿಯ ಆಟಗಾರ ತಾನೇ ಕೈ ಎತ್ತಿದರು. ಕೈ ಎತ್ತಬೇಕೆಂದು ಕಲಿಸಿದವನು ನಾನು. ಎತ್ತಿದ್ದಕ್ಕೆ ಅಂಗಿ ಕಸಿದುಕೊಂಡು ತಂಡದಿಂದ ಹೊರಗೆ ಹಾಕಿದವನೂ ನಾನು. ಅಂಪೈರ್ ತಪ್ಪು ಮಾಡಿರಲಿಲ್ಲ, ನಾವು ಸುಳ್ಳು ಹೇಳಿದೆವು. ಎಂಟೂ ಅಂಗಿ ಹೊಲಿದವರು ಇವರೇ. ಕೆಳಗೆ ಎರಡು ಹೆಸರು. ಇಲ್ಲಿ ನಾನು ಯಾರ ಹೆಸರನ್ನೂ ಬರೆದಿಲ್ಲ. ಅಲ್ಲಿ ಬರೆದೆ.

ಆತ ಓದಿದ. ಒಳ್ಳೆಯದಾಯಿತು ಎನ್ನಲಿಲ್ಲ. ಅಂಗಿಯನ್ನು ಮಡಚಿ ಕೊಟ್ಟ. ನನ್ನೊಡನೆ ಕೊಪ್ಪಳಕ್ಕೆ ಬಾ ಎಂದು ಕರೆದೆ.

"ಒಮ್ಮೆ ನೋಡೀನ್ರಿ. ಸಾಕು. ಶನಿವಾರ ಒಂದು ಮದುವಿ ಶೇರ್ವಾನಿ ಕೊಡೋದೈತಿ." ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿದ: "ಮಾಸ್ತರ, ಮೀಸಿ ಹಂಗ ಇರಲಿ ಬಿಡ್ರಿ. ಹುಡುಗ ಪಾಪ ಚೆಂದ ಬರದಾನ. ಕೆರದು ಗೊಂಬಿ ಮಾರಿ ಕೆಡಸಬ್ಯಾಡ್ರಿ."

ಮರುದಿನ ಮೊದಲ ಬಸ್ಸಿಗೆ ಹೋಗಿ ಅಂಗಿ ಮತ್ತು ಚೀಟಿಯನ್ನು ಆ ಹುಡುಗಿಯ ಕೈಗಿಟ್ಟೆ. ಕಳೆದಿಲ್ಲ, ನನ್ನಲ್ಲೇ ಇತ್ತು, ನಿನಗೆ ಸುಳ್ಳು ಹೇಳಿದೆ ಎಂದೆ. ಆಕೆ ಚೀಟಿಯನ್ನು ಎರಡು ಸಲ ಓದಿದಳು. ಆಮೇಲೆ ಅಂಪೈರನ ತಪ್ಪು ತೀರ್ಪಿನ ಕತೆಯಿದ್ದ ದೊಡ್ಡ ಫಲಕವನ್ನು ಗೋಡೆಯಿಂದ ಇಳಿಸತೊಡಗಿದಳು. ಒಂದು ತುದಿಯನ್ನು ನಾನು ಹಿಡಿದೆ. ಬಂದಾಗಲೆಲ್ಲ "ಸರ್ ಬರ್ರಿ, ಕುಂಡ್ರಿ" ಎನ್ನುತ್ತಿದ್ದವಳು ಅಂದು ಕುರ್ಚಿ ತೋರಿಸುವುದನ್ನು ಮರೆತಳು. ಮರೆತಳೋ, ಬೇಡವೆನಿಸಿತೋ.

ಸಂಜೆಯೊಳಗೆ ಕ್ಯಾಪ್ಟನ್ನನಿಗೆ ಸುದ್ದಿ ಮುಟ್ಟಿತ್ತು. "ಮಾಸ್ತರ, ತಲಿ ನೆಟ್ಟಗೈತೇನು? ನಾ ಮೈಕ್ ಹಿಡದು ಹೇಳೀನಿ, ನಾಳೆ ಮಂದಿ ನನ್ನ ಮಾರಿ ಹೆಂಗ ನೋಡ್ತಾರ? ಊರ ಮಾನ ಐತಿ."

"ನಿನಗ ಹೇಳಿಕೊಟ್ಟಂವ ನಾನು. ಹಂಗಂತ ಹೇಳು."

"ಅದನ್ನ ನಲವತ್ತು ವರ್ಷದ ಹಿಂದ ಹೇಳಬೇಕಿತ್ತು!" ಎಂದು ಫೋನು ಇಟ್ಟ. ಅವನು ನನ್ನೊಡನೆ ಇನ್ನೂ ಮಾತಾಡುವುದಿಲ್ಲ. ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಪ್ರದರ್ಶನದ ಉಳಿದ ದಿನಗಳಲ್ಲಿ ದಿನಾಲು ಹೋದೆ, ಹತ್ತರಿಂದ ಐದರವರೆಗೆ. ಯಾರೂ ಹೋಗು ಎಂದಿರಲಿಲ್ಲ. ಮೂಲೆಯ ಬೆಂಚಿನಲ್ಲಿ ಕುಳಿತು, ಜನ ಆ ಚೀಟಿ ಓದುವುದನ್ನು ನೋಡುತ್ತಿದ್ದೆ. ಕೊನೆಯ ದಿನ ಕುಷ್ಟಗಿಯಿಂದ ಕಾಲೇಜು ಹುಡುಗಿಯರ ವಾಲಿಬಾಲ್ ತಂಡ ಬಂತು. ಒಬ್ಬಳು ಗಟ್ಟಿಯಾಗಿ ಓದಿದಳು, ಉಳಿದವರು ಕೇಳಿದರು.

"ಯವ್ವಾ, ಎಂಥಾ ಮಾಸ್ತರನ ಇಂವ!"

"ಈಗ ಎಲ್ಲಿ ಇರತಾನ ಬಿಡ, ಸತ್ತಿರಬೇಕು."

"ಇಲ್ಲಲೇ, ಚೀಟಿ ಹೊಸಾದೈತಿ. ಇನ್ನೂ ಅದಾನೇನ್ರಿ ಇಂವ?" ಎಂದು ಅವಳು ತಿರುಗಿ, ಕಾವಲಿನವನೆಂದು ತಿಳಿದು ನನ್ನನ್ನೇ ಕೇಳಿದಳು.

ನನ್ನ ಬಲಗೈ ಮೇಲೆದ್ದಿತು. ಪೂರ್ತಿ ಏಳಲಿಲ್ಲ, ಕಿವಿಯ ಮಟ್ಟಕ್ಕೆ ಬಂದು ನಿಂತಿತು, ಮೊಣಕೈ ಬಗ್ಗಿಯೇ ಇತ್ತು. ನನ್ನ ಮೈದಾನದಲ್ಲಿ ಯಾರಾದರೂ ಹಾಗೆ ಎತ್ತಿದ್ದರೆ ಮತ್ತೊಮ್ಮೆ ಎತ್ತಿಸುತ್ತಿದ್ದೆ. ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡು, ತಲೆ ತಗ್ಗಿಸಿ ಗೊಂಬೆಗಳ ಕಡೆ ಸರಿದರು.

ಪ್ರದರ್ಶನ ಮುಗಿದ ಮೇಲೆ ಏಳು ಅಂಗಿಗಳು ನನ್ನ ಟ್ರಂಕಿಗೆ ಬಂದವು. ನಾಲ್ಕನೆಯದನ್ನು ಹುಡುಗಿಯೇ ದರ್ಜಿಗೆ ಮುಟ್ಟಿಸಿದಳು. ಮುಚ್ಚಳದ ಪಟ್ಟಿಯಲ್ಲಿ ಎಂಟನ್ನು ಹೊಡೆದು ಏಳು ಎಂದು ಬರೆದಿದ್ದೇನೆ.

ಈಗ ಬೆಳಿಗ್ಗೆ ಓಣಿಯಿಂದಲೇ ಹೋಗುತ್ತೇನೆ. ಅಂಗಡಿಯ ಬಾಗಿಲು ಹಾಕಿರುತ್ತದೆ, ಆದರೂ ಅದರ ಮುಂದೆ ಹೆಜ್ಜೆ ತಾನಾಗಿಯೇ ತ್ವರೆಯಾಗುತ್ತದೆ. ಮೈದಾನಕ್ಕೆ ನಾಲ್ಕು ನಿಮಿಷ ಮೊದಲೇ ಮುಟ್ಟುತ್ತೇನೆ. ಅಲ್ಲಿ ಇನ್ನೂ ಯಾರೂ ಬಂದಿರುವುದಿಲ್ಲ. ಆ ನಾಲ್ಕು ನಿಮಿಷ ನೆಟ್ಟಿನ ಖಾಲಿ ಕಂಬಗಳ ನಡುವೆ ನಿಂತಿರುತ್ತೇನೆ.